ಈಥರ್, ಹೋರಾವಾ, ಎಸ್‌ಎಂಇ: ಪ್ರಾಜೆಕ್ಟ್‌ಗೆ ಯಾವುದು?

ಲೊರೆಂಟ್ಜ್ ಸಮ್ಮಿತಿ (ದಿಕ್ಕು ತಿರುಗಿಸಿದರೂ, ಸ್ಥಿರ ವೇಗದಲ್ಲಿ ಚಲಿಸುತ್ತಾ ನೋಡಿದರೂ ಭೌತ ನಿಯಮ ಬದಲಾಗದಿರುವುದು) ಮುರಿಯುವ ಗುರುತ್ವದ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಐನ್‌ಸ್ಟೈನ್-ಈಥರ್, ಹೋರಾವಾ, ಎಸ್‌ಎಂಇ ಈ ಮೂರರಲ್ಲಿ ಯಾವುದನ್ನು ಹಿಡಿಯಲಿ ಅಂತ ಕೇಳಿದ್ದೀರಿ.

ಮೊದಲು ಯಾವ ಸಮ್ಮಿತಿ ಉಳಿಯುತ್ತದೆ ನೋಡಿ. ಐನ್‌ಸ್ಟೈನ್-ಈಥರ್‌ನಲ್ಲಿ ನಿರ್ದೇಶಾಂಕ ಹೇಗೆ ಬದಲಿಸಿದರೂ ಸಮೀಕರಣಗಳ ರೂಪ ಅದೇ. ಆದರೆ ಪ್ರತಿ ಬಿಂದುವಿನಲ್ಲೂ ಕಾಲದ ಕಡೆ ಮುಖಮಾಡಿದ ಒಂದು ವೆಕ್ಟರ್ ಇರುತ್ತದೆ, ಅದೇ ಈಥರ್. ಖಾಲಿ ಮಿಂಕೋವ್‌ಸ್ಕಿ ದೇಶಕಾಲವನ್ನೇ (ಗುರುತ್ವವಿಲ್ಲದ ಚಪ್ಪಟೆ ದೇಶಕಾಲ) ತಗೊಳ್ಳಿ: ತಿರುಗಿಸಿದರೆ ಈಥರ್ ಹಾಗೇ ಇರುತ್ತದೆ, ಬೂಸ್ಟ್ ಕೊಟ್ಟರೆ (ಸ್ಥಿರ ವೇಗದಲ್ಲಿ ಚಲಿಸುವವರ ನೋಟಕ್ಕೆ ಬದಲಿಸಿದರೆ) ವಾಲುತ್ತದೆ. ಮೆಟ್ರಿಕ್‌ಗೆ (ದೇಶಕಾಲದಲ್ಲಿ ಅಂತರ ಅಳೆಯುವ ಸೂತ್ರಕ್ಕೆ) ಮಾತ್ರ ಏನೂ ಆಗುವುದಿಲ್ಲ! ಹಾಗಾಗಿ ಮೆಟ್ರಿಕ್‌ನ ಸಮ್ಮಿತಿಯೆಲ್ಲ ಈಥರ್‌ಗೂ ಇದೆ ಅಂತ ಸುಮ್ನೆ ಅಂದುಕೊಳ್ಳಬೇಡಿ.

2009ರ ಹೋರಾವಾ ಗುರುತ್ವ ಇನ್ನೂ ಕಟ್ಟುನಿಟ್ಟು. ದೇಶಕಾಲವನ್ನು ಕಾಲದ ಪದರಗಳಾಗಿ ಸೀಳುತ್ತದೆ. ಪದರ ಕೆಡಿಸದ ಬದಲಾವಣೆಗಳಿಗೆ ಮಾತ್ರ ಅವಕಾಶ. ಬದಲಿಗೆ ಕ್ವಾಂಟಮ್ ಲೆಕ್ಕದ ಅನಂತಗಳು ಹದ್ದಿಗೆ ಬರುವ ಆಸೆ ಇದೆ. ಕ್ವಾಂಟಮ್ ಹುಚ್ಚಿದ್ದರೆ ಇದೇ ಸರಿ.

ಲೆಕ್ಕ ಸುಲಭವಾಗಬೇಕು, ಕಪ್ಪುಕುಳಿ ಬೇಕು ಅಂದರೆ ಈಥರ್. ಅದಕ್ಕೆ 4 ಸ್ಥಿರಾಂಕಗಳಷ್ಟೇ. 2017ರ ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಲ್ಲಿ ಗುರುತ್ವ ಅಲೆಯ ವೇಗ ಬೆಳಕಿನ ವೇಗಕ್ಕೆ 10⁻¹⁵ರ ಮಟ್ಟದವರೆಗೆ ಹೊಂದಿದ್ದರಿಂದ, ಆ 4 ಸ್ಥಿರಾಂಕಗಳಲ್ಲಿ ಎರಡರ (c₁, c₃) ಮೊತ್ತ ಸೊನ್ನೆಗೆ ತೀರಾ ಹತ್ತಿರ ಇರಲೇಬೇಕಾಯಿತು.

ಪ್ರಯೋಗದ ದತ್ತಾಂಶ ಇಷ್ಟವಾದರೆ ಎಸ್‌ಎಂಇ (ಸ್ಟ್ಯಾಂಡರ್ಡ್ ಮಾಡೆಲ್ ಎಕ್ಸ್‌ಟೆನ್ಶನ್). ಇದು ಒಂದೇ ಸಿದ್ಧಾಂತವಲ್ಲ, ದೊಡ್ಡ ಚೌಕಟ್ಟು, ಗುಣಾಂಕಗಳು ಜಾಸ್ತಿ. ಇಲ್ಲಿ ಸಮ್ಮಿತಿಯನ್ನು ಕೈಯಾರೆ ಮುರಿದರೆ ಬಿಯಾಂಕಿ ಸಮೀಕರಣಗಳ (ವಕ್ರತೆ ಯಾವಾಗಲೂ ಪಾಲಿಸುವ ಜ್ಯಾಮಿತಿಯ ನಿಯಮಗಳು) ಜೊತೆ ಸಾಮಾನ್ಯವಾಗಿ ತಿಕ್ಕಾಟ ಶುರು. ತಾನಾಗೇ ಮುರಿಯುವ ಮಾದರಿಯನ್ನೇ ಆರಿಸಿ.