ಸಮ್‌ಗೆ ಒಂದು ಕ್ಲಿಕ್: 85 ಎಂಎಂ ಮತ್ತು 70-200 ಜೂಮ್

ಸಂಗೀತ ಕಚೇರಿಯ ಫೋಟೋಕ್ಕೆ ಯಾವ ಲೆನ್ಸ್ ತಗೊಳ್ಳಲಿ ಅಂತ ಇಲ್ಲಿ ಮುಂಬೈಯಲ್ಲಿ ಗೆಳೆಯರು ಆಗಾಗ ಕೇಳುತ್ತಾರೆ. ನಾನು ಎರಡು ಬಳಸಿ ನೋಡಿದ್ದೇನೆ. ಒಂದು ನನ್ನದೇ, ಜೂಮ್ ಆಗದ 85 ಎಂಎಂ ಎಫ್/1.8. ಇನ್ನೊಂದು ಬಾಡಿಗೆಗೆ ತಂದ 70-200 ಎಫ್/2.8 ಜೂಮ್. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ. ಕ್ಯಾಮೆರಾ ಒಂದೇ, ಹಳೆಯ ನಿಕಾನ್ ಡಿಎಸ್‌ಎಲ್‌ಆರ್. 85ರ ತೂಕ 350 ಗ್ರಾಂ. ಜೂಮ್ ಒಂದೂವರೆ ಕಿಲೋ ಹತ್ತಿರ. ನಿಧಾನ ಲಯದ ಉದ್ದನೆಯ ಬಡಾ ಖ್ಯಾಲ್ ಮುಗಿಯುವಷ್ಟರಲ್ಲಿ ನಮ್ಮ ಕೈಯಲ್ಲೇ ಗಮಕದ ನಡುಕ ಶುರುವಾಗುತ್ತದೆ.

85ನ್ನು ಮೊದಲು ಪರೀಕ್ಷೆಗೆ ಒಡ್ಡಿದ್ದು ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ. ವೇದಿಕೆ ಹತ್ತಿರ, ಬೆಳಕು ಕಡಿಮೆ, ಫ್ಲ್ಯಾಶ್ ಮಾತೇ ಬೇಡ. ಎಫ್/1.8 ಇಟ್ಟು, ಶಟರ್ 1/200 ಸೆಕೆಂಡ್ ಮಾಡಿದರೆ ಐಎಸ್‌ಓ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೆ ಕೆಲಸ ಆಯಿತು. ಅದೇ ಬೆಳಕಿಗೆ ಜೂಮ್ ಆದರೆ 4000 ಬೇಕು. ನನ್ನ ಕ್ಯಾಮೆರಾದಲ್ಲಿ 4000 ಅಂದರೆ ಕಪ್ಪು ಶಾಲಿನ ಮೇಲೆ ರವೆ ಚೆಲ್ಲಿದ ಹಾಗೆ.

ಆದರೆ ಎಫ್/1.8ಕ್ಕೆ ಒಂದು ಕೆಟ್ಟ ಗುಣ ಇದೆ. ಮೂರು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವುದು ಬರೀ 9 ಸೆಂಟಿಮೀಟರ್‌ನಷ್ಟು ಆಳ. ಗಾಯಕರ ಮುಂದೆ ಮೈಕ್ ಇರುತ್ತದಲ್ಲ, ಫೋಕಸ್ ಹೋಗಿ ಅದರ ಮೇಲೇ ಕೂರುತ್ತದೆ. ಮನೆಗೆ ಬಂದು ನೋಡಿದರೆ ಮೈಕಿನ ಜಾಲರಿಯ ತೂತು ಎಣಿಸಬಹುದು, ಗಾಯಕರ ಕಣ್ಣು ಮಾತ್ರ ಮಂಜು. ಅವತ್ತಿನ ಅರ್ಧಕ್ಕರ್ಧ ಫೋಟೋ ಹೀಗೇ ಹಾಳಾದವು. ಆಮೇಲೆ ಒಂದೇ ಫೋಕಸ್ ಪಾಯಿಂಟ್ ಆರಿಸಿ ಕಣ್ಣಿನ ಮೇಲೆ ಇಡುವುದನ್ನು ಕಲಿತೆ.

ಇನ್ನೊಂದು ಪಾಠ ಅಲ್ಲೇ ಸಿಕ್ಕಿತು. ವಿಳಂಬಿತ, ಅಂದರೆ ನಿಧಾನ ಲಯದ, ಆಲಾಪ ನಡೆಯುತ್ತಿತ್ತು. ಡಿಎಸ್‌ಎಲ್‌ಆರ್ ಕನ್ನಡಿಯ ಸದ್ದು ಗೊತ್ತಲ್ಲ, ಟಪಕ್ ಟಪಕ್. ಮುಂದಿನ ಸಾಲಿನ ಧಾರವಾಡದ ಕಡೆಯ ಅಜ್ಜ ತಿರುಗಿ, "ತಮ್ಮಾ, ಟಕ್ ಟಕ್ ಅನಸೋದ ಇದ್ರ ತಾಳದಾಗರ ಅನಸಪಾ" ಅಂದರು. ಅಕ್ಕಪಕ್ಕದವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೆ ಅಜ್ಜ ಹೇಳಿದ್ದು ಸರಿ ಅನಿಸಿತು. ಸಮ್‌ಗೆ, ಅಂದರೆ ತಾಳದ ಆವರ್ತನದ ಮೊದಲ ಮಾತ್ರೆಗೆ, ಬಂದು ಬಿದ್ದಾಗ ತಬಲಾದ ಪೆಟ್ಟು, ಜನರ "ವಾಹ್" ಎಲ್ಲಾ ಒಟ್ಟಿಗೆ ಇರುತ್ತದೆ. ಅದರೊಳಗೆ ಕ್ಲಿಕ್ ಮುಚ್ಚಿಹೋಗುತ್ತದೆ. ಮುಖದ ಭಾವ ಅರಳುವುದೂ ಆಗಲೇ. ವಿಳಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೇ ಮುಕ್ಕಾಲು ನಿಮಿಷ ಹಿಡಿಯುವುದುಂಟು. ಅಂದರೆ ಮುಕ್ಕಾಲು ನಿಮಿಷಕ್ಕೆ ಒಂದೇ ಕ್ಲಿಕ್. ಉಳಿದ ಹೊತ್ತು ಸುಮ್ನೆ ಕೇಳುತ್ತಾ ಕೂರುವುದು. ನಾಲ್ಕನೇ ಸಮ್‌ಗೋ ಐದನೆಯದಕ್ಕೋ ಗಾಯಕರೂ ತಬಲಾದವರೂ ಒಬ್ಬರನ್ನೊಬ್ಬರು ನೋಡಿ ನಕ್ಕ ಫೋಟೋ ಸಿಕ್ಕಿತು. ಅದು ಈಗ ನಮ್ಮ ಹಾಲ್‌ನ ಗೋಡೆಯ ಮೇಲಿದೆ.

ಜೂಮ್ ತಂದಿದ್ದು ಪುಣೆಯ ಸವಾಯಿ ಮಹೋತ್ಸವಕ್ಕೆ. ಗದಗ ಸೀಮೆಯ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ್ದು ಅದು. ಹಾಗಾಗಿ ಮುಕುಂದನಗರದ ಆ ದೊಡ್ಡ ಮಂಟಪದಲ್ಲಿ ಕೂತರೆ ನನಗೆ ಮನೆಗೆ ಬಂದ ಹಾಗೇ ಇರುತ್ತದೆ. ಪತ್ರಿಕೆಯ ಗೆಳೆಯನೊಬ್ಬನ ದಯೆಯಿಂದ ಪಾಸ್ ಸಿಕ್ಕಿತ್ತು, ಆದರೆ ನಿಂತ ಜಾಗ ವೇದಿಕೆಯಿಂದ ಬಲು ದೂರ. ಅಲ್ಲಿ 85 ಹಾಕಿ ನೋಡಿದೆ. ಗಾಯಕರು ಹೆಬ್ಬೆರಳಿನಷ್ಟು ಕಂಡರು. ಜೂಮ್ ಹಾಕಿ 200ಕ್ಕೆ ಎಳೆದಾಗ ಅವರ ಬೆರಳಿನ ಉಂಗುರ ಕಾಣಿಸಿತು. ವೇದಿಕೆಯ ಬೆಳಕೂ ಧಾರಾಳ, ಎಫ್/2.8 ಸಾಕಾಯಿತು.

ನನಗೆ ಇಷ್ಟವಾದ ಫೋಟೋ ಗಾಯಕರದಲ್ಲ. ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯೆಯದು. ಗುರುಗಳ ವೇಗದ ಸ್ವರಗಳ ತಾನ್ ಜೊತೆ ಅವಳ ತುಟಿ ಸದ್ದಿಲ್ಲದೆ ಆಡುತ್ತಿತ್ತು. 85 ಮಾತ್ರ ಇದ್ದಿದ್ದರೆ ಅವಳು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಜೂಮ್ ಜೊತೆಗೆ ತೊಂದರೆಯೂ ಬಂತು. ನಾನು ತಂದಿದ್ದರ ಜೂಮ್ ತಿರುಗಿಸುವ ರಿಂಗ್ 135ರ ಹತ್ತಿರ ಬಿಗಿಯಾಗುತ್ತಿತ್ತು. ಬಾಡಿಗೆ ಕೊಟ್ಟ ಅಂಗಡಿಯವನನ್ನು ಕೇಳಿದರೆ "ಅದು ಹಾಗೇ ಇರೋದು ಸಾರ್" ಅಂದ. ಜೊತೆಗೆ ನನ್ನದೇ ಒಂದು ದೋಷ. ಜೂಮ್ ಕೈಗೆ ಬಂದರೆ ಉಂಗುರ, ಬೆರಳು, ತಬಲಾ, ಹಾರ್ಮೋನಿಯಂ ಅಂತ ಕಣ್ಣು ಅಲೆಯುತ್ತಲೇ ಇರುತ್ತದೆ. ಅವತ್ತು ಯಾವ ರಾಗ ಹಾಡಿದರು ಅಂತ ಹೆಂಡತಿ ಕೇಳಿದಾಗ ಫೋಟೋ 600 ಇದ್ದವು, ಉತ್ತರ ಇರಲಿಲ್ಲ.

ಫೋನ್‌ನಲ್ಲೂ ಪ್ರಯತ್ನಿಸಿದೆ. ಸದ್ದಿಲ್ಲ, ಅದೊಂದು ಪುಣ್ಯ. ಆದರೆ ಕತ್ತಲಲ್ಲಿ ತೆಗೆದ ಮುಖಗಳು ಮೇಣದ ಬೊಂಬೆ ಥರ ನುಣ್ಣಗೆ ಬರುತ್ತವೆ. ಹಿಂದಿನವರ ಕಣ್ಣಿಗೆ ಸ್ಕ್ರೀನ್ ಬೆಳಕು ಬೇರೆ.

ಒಂದೇ ಲೆನ್ಸ್ ಕೊಳ್ಳುವವರಿಗೆ ನಾನು 85 ಅಂತಲೇ ಹೇಳುತ್ತೇನೆ. ಚಿಕ್ಕ ಸಭಾಂಗಣದ ಕಚೇರಿಗಳೇ ವರ್ಷದಲ್ಲಿ ಜಾಸ್ತಿ, ಅಲ್ವಾ? ಡಿಸೆಂಬರ್‌ನಲ್ಲಿ ಸವಾಯಿ ಬಂದರೆ ಮಾತ್ರ ಮನಸ್ಸು ತಡೆಯುವುದಿಲ್ಲ. ಈ ಸಲವೂ ಜೂಮ್‌ಗೆ ಹೇಳಿಟ್ಟಿದ್ದೇನೆ, ಬೇರೆ ಅಂಗಡಿಯಲ್ಲಿ.