ಮಂದ ಬೆಳಕಿನ ರಂಗದಲ್ಲಿ ನೃತ್ಯದ ಚಿತ್ರ: ಎರಡು ಝೂಮ್‌ಗಳು ಮತ್ತು ಒಂದು 85

ಮಗಳ ಭರತನಾಟ್ಯ ತರಗತಿಯ ಕಾರ್ಯಕ್ರಮಗಳಿಗೆ ಹಾಸನದಲ್ಲಿ ಫೋಟೊ ತೆಗೆಯುವ ಹೊಣೆ ನಾಲ್ಕು ವರ್ಷಗಳಿಂದ ನನ್ನದಾಗಿದೆ. ಒಂದೇ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾಗೆ ಈ ಅವಧಿಯಲ್ಲಿ ಮೂರು ಲೆನ್ಸ್ ಹಾಕಿ ನೋಡಿದ್ದೇನೆ: ಹೊಸದಾಗಿ ಕೊಂಡ 55-250 ಎಂಎಂ ಝೂಮ್, ಬೆಂಗಳೂರಿನಿಂದ ಬಾಡಿಗೆಗೆ ತಂದ 70-200 ಎಫ್ 2.8, ಮತ್ತು ಸೆಕೆಂಡ್ ಹ್ಯಾಂಡ್ ಕೊಂಡ 85 ಎಂಎಂ ಎಫ್ 1.8. ಇಂದು ನನ್ನ ಚೀಲದಲ್ಲಿ ಉಳಿದಿರುವುದು 85 ಮಾತ್ರ. ಅದನ್ನು ಮೊದಲೇ ಕೊಳ್ಳದ ಕಾರಣ ಮಗಳ ಗೆಳತಿಯ ರಂಗಪ್ರವೇಶದ ಚಿತ್ರಗಳು ಕೈತಪ್ಪಿದವು ಎಂಬ ನೋವು ಈಗಲೂ ಇದೆ.

55-250 ಕೊಂಡದ್ದು ಅದರ ಸ್ಟೆಬಿಲೈಸೇಶನ್ ನಂಬಿ. ಪರೀಕ್ಷೆಗೆಂದು ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಒಯ್ದು, ನವರಂಗದ ಒಳಗಿರುವ ನಾಲ್ಕು ಮದನಿಕೆಯರಲ್ಲಿ ಒಬ್ಬಳನ್ನು ಸೆಕೆಂಡಿನ 1/20 ಶಟರ್‌ನಲ್ಲಿ ಸ್ಟ್ಯಾಂಡ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆದಾಗ, ಆ ಅರೆಗತ್ತಲಲ್ಲೂ ಕೊರಳ ಹಾರದ ಒಂದೊಂದು ಮಣಿಯೂ ಸ್ಪಷ್ಟವಾಗಿ ಮೂಡಿತ್ತು. ಕತ್ತಲೆಯ ಚಿಂತೆ ತೀರಿತೆಂದುಕೊಂಡೆ. ಆದರೆ ಸ್ಟೆಬಿಲೈಸೇಶನ್ ತಡೆಯುವುದು ನಮ್ಮ ಕೈಯ ಅಲುಗಾಟವನ್ನೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ; ಕಲ್ಲಿನ ನರ್ತಕಿಗೆ ಸಾಕಾದದ್ದು ರಂಗದ ಮೇಲೆ ಅಡವು ಹಾಕುವ ಹುಡುಗಿಗೆ ಸಾಕಾಗಲಿಲ್ಲ. ರಂಗಪ್ರವೇಶದ ಚಿತ್ರಗಳಲ್ಲಿ ನಟರಾಜನ ಮುಂದಿನ ದೀಪ, ಹಾರದ ಮಲ್ಲಿಗೆ, ಹಿಂದಿನ ಪರದೆಯ ಮಡಿಕೆ ಎಲ್ಲವೂ ಚೊಕ್ಕವಾಗಿದ್ದವು. ಆಕೆಯ ಅಂಗೈಯ ಆಲ್ತಾ ಮಾತ್ರ ಗಾಳಿಯಲ್ಲಿ ಒರೆಸಿದ ಕೆಂಪು ಗೆರೆಯಾಗಿತ್ತು.

ಲೆಕ್ಕ ಸರಳವಾಗಿದೆ: ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ, ಶಟರ್ ಅಷ್ಟು ಕಡಿಮೆ ಹೊತ್ತು ತೆರೆದಿದ್ದರೆ ಸಾಕು. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200ರಲ್ಲಿ ಎಫ್ 1.8ಕ್ಕೆ 1/500 ಶಟರ್ ಸಿಗುವ ಬೆಳಕಿನಲ್ಲಿ ಎಫ್ 2.8ಕ್ಕೆ ಸುಮಾರು 1/200 ಸಿಗುತ್ತದೆ, ಪೂರ್ತಿ ಝೂಮ್ ಮಾಡಿದ 55-250ರ ಎಫ್ 5.6ಕ್ಕೆ ಕೇವಲ 1/50. ಅಭಿನಯದ ನಿಧಾನ ಭಾಗಗಳನ್ನು 1/50ರಲ್ಲಿ ಹೇಗೋ ತೆಗೆಯಬಹುದು, ವೇಗದ ಹೆಜ್ಜೆಗಳ ತಿಲ್ಲಾನವನ್ನು ತೆಗೆಯಲಾಗದು.

70-200ರ ಚಿತ್ರಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಒಂದೂವರೆ ಕೆ.ಜಿ. ತೂಕದ ಆ ಬಿಳಿ ಲೆನ್ಸನ್ನು ಎರಡು ಗಂಟೆ ಎತ್ತಿ ಹಿಡಿದಾಗ ನನ್ನ ಭುಜ ಸೋತಿತು, ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗಳನ್ನು ನೋಡಲು ಪಕ್ಕಕ್ಕೆ ವಾಲಬೇಕಾಯಿತು.

ಇನ್ನು 85ರ ತೊಡಕು. ಹ್ಯಾಲೊಜನ್ ದೀಪಗಳ ಕೆಳಗೆ ಅದು ಮೊದಲ ದಿನವೇ ಮನಸ್ಸು ಗೆದ್ದಿತು. ಎರಡನೆಯ ಕಾರ್ಯಕ್ರಮ ಎಲ್‌ಇಡಿ ದೀಪಗಳಿದ್ದ ಬೇರೊಂದು ಸಭಾಂಗಣದಲ್ಲಿತ್ತು. 1/500ರಲ್ಲಿ ತೆಗೆದ ಚಿತ್ರಗಳಲ್ಲಿ ಮುಖದ ಮೇಲೊಂದು, ಸೊಂಟದ ಬಳಿ ಇನ್ನೊಂದು ಕಪ್ಪು ಪಟ್ಟಿ ಅಡ್ಡಲಾಗಿ ಬಿದ್ದಿತ್ತು. ಒಂದು ಚಿತ್ರ ಬೆಳ್ಳಗಿದ್ದರೆ ಮುಂದಿನದು ಮಂಕಾಗಿತ್ತು. ಲೆನ್ಸ್ ಕೆಟ್ಟಿದೆಯೆಂದು ಭಾವಿಸಿ, ಮಾರಿದವರಿಗೆ ಮರಳಿಸಲು ಪೆಟ್ಟಿಗೆಯನ್ನೂ ಕಟ್ಟಿದ್ದೆ.

ದೋಷ ಲೆನ್ಸಿನದಾಗಿರಲಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಸಾಧಾರಣ ಎಲ್‌ಇಡಿ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಡಿಮ್ ಮಾಡಿದಾಗ ಅನೇಕ ರಂಗದೀಪಗಳು ನಿಜವಾಗಿ ಮಂಕಾಗದೆ, ಕಣ್ಣಿಗೆ ಕಾಣದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ವೇಗದ ಶಟರ್ ಕಿರಿದಾದ ಸೀಳಾಗಿ ಸೆನ್ಸರ್ ಮೇಲೆ ಸಾಗುವಾಗ, ದೀಪ ಆರಿದ ಕ್ಷಣ ಸಿಕ್ಕ ಭಾಗ ಕಪ್ಪಾಗಿ ಉಳಿಯುತ್ತದೆ. ನಿಧಾನ ಶಟರ್‌ನ 55-250ರಲ್ಲಿ ಈ ಪಟ್ಟಿಗಳು ಕಾಣದಿದ್ದುದಕ್ಕೆ ಕಾರಣವೂ ಇದೇ: ಅಷ್ಟು ಹೊತ್ತಿನಲ್ಲಿ ದೀಪದ ಏರಿಳಿತ ಪೂರ್ತಿಯಾಗಿ ಸೇರಿಹೋಗುತ್ತದೆ.

ಈಗ ನಾನು ರಿಹರ್ಸಲ್ ದಿನವೇ ಹೋಗಿ, ಲೈಟಿನವರ ಬಳಿ ಎಲ್ಲ ದೀಪಗಳನ್ನೂ ಅರ್ಧಕ್ಕೆ ಇಳಿಸುವ ಬದಲು ಕೆಲವನ್ನು ಆರಿಸಿ ಉಳಿದವನ್ನು ಪೂರ್ಣ ಉರಿಸುವಂತೆ ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಅದು ಸಾಧ್ಯವಾಗದಿದ್ದರೆ ಶಟರನ್ನು 1/100ಕ್ಕೆ, ಐಎಸ್‌ಒವನ್ನು 640ಕ್ಕೆ ಇಳಿಸಿ, ಜತಿಯ ಕೊನೆಯ ತೀರ್ಮಾನಕ್ಕೆ, ಅಂದರೆ ಹೆಜ್ಜೆಗಳ ಸರಣಿಯನ್ನು ಮುಗಿಸುವ ಸೊಲ್ಲುಗಳಿಗೆ, ಕಾಯುತ್ತೇನೆ. ‘ತದಿಗಿಣತೊಂ’ ಮೂರನೆಯ ಸಲ ಬಂದು ‘ತೊಂ’ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಿದ್ದಾಗ ಅರೆಮಂಡಿಯಲ್ಲಿ (ಮಂಡಿ ಬಾಗಿಸಿದ ನಿಲುವಿನಲ್ಲಿ) ದೇಹ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ. ಗೆಜ್ಜೆ ಇನ್ನೂ ನಡುಗುತ್ತಿರುತ್ತದೆ, ಕಣ್ಣು ನಿಂತಿರುತ್ತದೆ. ತಾಳ ಹಾಕಿಕೊಂಡು ಕುಳಿತವರಿಗೆ ಆ ಕ್ಷಣ ತಪ್ಪುವುದಿಲ್ಲ. ಆದ್ದರಿಂದ ಫೋಟೊ ತೆಗೆಯುವವರು ಕಾರ್ಯಕ್ರಮಕ್ಕೆ ಮುನ್ನ ಒಂದೆರಡು ತರಗತಿಗಳಲ್ಲಿ ಸುಮ್ಮನೆ ಕುಳಿತು ಕೇಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಕೆಂಪು ಎಲ್‌ಇಡಿ ಬೆಳಕಿಗೆ ಮೂರೂ ಲೆನ್ಸ್‌ಗಳಲ್ಲಿ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಅರ್ಧಕ್ಕೆ) ಇಳಿಸಿ ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯಬೇಕು, ಇಲ್ಲವಾದರೆ ರೇಷ್ಮೆಯ ನೆರಿಗೆಗಳು ಉಳಿಯುವುದಿಲ್ಲ. ಫ್ಲ್ಯಾಶ್ ಬಳಸಲೇಬಾರದು.

85ರಲ್ಲಿ ಝೂಮ್ ಇಲ್ಲ ಎಂಬುದು ನಿಜ. ಆದರೆ ನರ್ತಕಿಯಿಂದ ಒಂಬತ್ತು ಹತ್ತು ಮೀಟರ್ ದೂರ ಕುಳಿತು ಕ್ಯಾಮೆರಾ ಲಂಬವಾಗಿ ಹಿಡಿದರೆ ಗೆಜ್ಜೆಯಿಂದ ಮೇಲೆತ್ತಿದ ಕೈಬೆರಳಿನವರೆಗೂ ಚೌಕಟ್ಟಿನಲ್ಲಿ ಕೂರುತ್ತದೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಮುಂದಿನ ಸಾಲುಗಳಲ್ಲೇ ಇಂಥ ಜಾಗ ನೋಡಿಕೊಂಡಿದ್ದೇನೆ. ಅಷ್ಟು ದೂರದಲ್ಲಿ ಎಫ್ 1.8ರಲ್ಲೂ ಮುಕ್ಕಾಲು ಮೀಟರಿನಷ್ಟು ಆಳ ಫೋಕಸ್‌ನಲ್ಲಿರುವುದರಿಂದ ಮುಂದೆ ಚಾಚಿದ ಹಸ್ತವೂ ಕಣ್ಣೂ ಒಟ್ಟಿಗೆ ಸಿಗುತ್ತವೆ.

ವೃತ್ತಿಯಾಗಿ ತಿಂಗಳಿಗೆ ಹತ್ತು ಕಾರ್ಯಕ್ರಮ ಮಾಡುವವರು, ಸೀಟು ಆರಿಸಲಾಗದವರು 70-200 ಕೊಳ್ಳಲಿ. ವರ್ಷಕ್ಕೆ ಆರೇಳು ಸಂಜೆ ಮಾತ್ರ ಕ್ಯಾಮೆರಾ ಹಿಡಿಯುವ ನನಗೆ 22,000 ರೂಪಾಯಿಯ 85 ಸಾಕು. ಮುಂದಿನ ತಿಂಗಳು ಹದಿನಾರು ಮಕ್ಕಳ ಸಮೂಹ ನೃತ್ಯವಿದೆ. ಅಷ್ಟು ಜನ ಇದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಗೆಳೆಯರೊಬ್ಬರ 35 ಎಂಎಂ ಕೇಳಿಟ್ಟಿದ್ದೇನೆ.