ಬೈಬಲ್ ಹಬ್: ಹಳೆಯ ವ್ಯಾಖ್ಯಾನಗಳ ನಡುವೆ ಹೊಸ ಪ್ರಶ್ನೆಗಳು

ಪ್ರಸಂಗ ಸಿದ್ಧಪಡಿಸುವ ಸಭಾಪಾಲಕರಿಗೂ ಸಂಡೇ ಸ್ಕೂಲಿನಲ್ಲಿ ಕಲಿಸುವವರಿಗೂ ಬೈಬಲ್ ಹಬ್ ಎಂಬ ಜಾಲತಾಣದ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅದು ಉಚಿತ, ವಿಸ್ತಾರವಾದದ್ದು, ಯಾವ ವಚನ ಕೇಳಿದರೂ ಕ್ಷಣದಲ್ಲಿ ಎದುರಿಗಿಡುತ್ತದೆ. ನಾನು ಅದನ್ನು ಬಳಸಿದ್ದು ಮಾತ್ರ ಬೇರೆ ಕಾರಣಕ್ಕೆ. ಸಭೆಯಲ್ಲಿ ಹೆಂಗಸರ ಸ್ಥಾನ, ಸಲಿಂಗ ಪ್ರೇಮ, ಲಿಂಗತ್ವ ಅಲ್ಪಸಂಖ್ಯಾತರು ಇವುಗಳ ಬಗ್ಗೆ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಬೋಧನೆಯನ್ನು, ನಂಬಿಕೆಯನ್ನು ಬಿಡದೆಯೇ, ಮೂಲ ವಾಕ್ಯಗಳ ಮುಂದಿಟ್ಟು ಮತ್ತೊಮ್ಮೆ ಯೋಚಿಸಬೇಕೆನ್ನಿಸಿತ್ತು. ಅಂಥ ಓದಿಗೆ ಈ ತಾಣ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಇಲ್ಲಿ ಪ್ರತಿಯೊಂದು ವಚನಕ್ಕೂ ಒಂದು ಪುಟವಿದೆ. ಮೊದಲಿಗೆ ಇಂಗ್ಲಿಷಿನ ಹಲವು ಭಾಷಾಂತರಗಳು ಒಂದರ ಕೆಳಗೊಂದು ಬರುತ್ತವೆ. ಅದೇ ಪುಟದಲ್ಲಿ ಸಂಬಂಧಪಟ್ಟ ಬೇರೆ ವಚನಗಳನ್ನು ತೋರಿಸುವ ಕ್ರಾಸ್ ರೆಫರೆನ್ಸ್‌ಗಳೂ ಹಲವು ವ್ಯಾಖ್ಯಾನಗಳೂ ಸಿಗುತ್ತವೆ. ಇವುಗಳಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆನ್ನಿಸಿದ್ದು ಕ್ರಾಸ್ ರೆಫರೆನ್ಸ್. ಬಹಳಷ್ಟು ಓದುಗರು ಕಣ್ಣು ಹಾಯಿಸದೆ ದಾಟಿಹೋಗುವುದೂ ಅದನ್ನೇ.

ನಪುಂಸಕರ ಕುರಿತ ವಚನಗಳನ್ನೇ ತೆಗೆದುಕೊಳ್ಳೋಣ. ಧರ್ಮೋಪದೇಶಕಾಂಡ 23:1 ಜನನಾಂಗಕ್ಕೆ ಊನವಾದವನನ್ನು ಯೆಹೋವನ ಸಭೆಯಿಂದ ಹೊರಗಿಡುತ್ತದೆ. ಯೆಶಾಯ 56ನೆಯ ಅಧ್ಯಾಯಕ್ಕೆ ಬಂದರೆ, ತಾನು ಒಣಮರವೆಂದು ನಪುಂಸಕನು ಹೇಳಿಕೊಳ್ಳದಿರಲಿ ಎಂದು ಅದೇ ದೇವರು ನುಡಿಯುತ್ತಾನೆ. ಒಡಂಬಡಿಕೆಯನ್ನು ಕೈಕೊಳ್ಳುವ ನಪುಂಸಕರಿಗೆ ಗಂಡುಹೆಣ್ಣು ಮಕ್ಕಳಿಗಿಂತ ಮೇಲಾದ ಹೆಸರನ್ನು ತನ್ನ ಆಲಯದಲ್ಲಿಯೇ ಕೊಡುವೆನೆಂದು ಮಾತು ಕೊಡುತ್ತಾನೆ. ಮತ್ತಾಯ 19:12ರಲ್ಲಿ ಯೇಸು ಹುಟ್ಟಿನಿಂದಲೇ ಹಾಗಿರುವವರು, ಮನುಷ್ಯರಿಂದ ಹಾಗಾದವರು, ಪರಲೋಕರಾಜ್ಯದ ನಿಮಿತ್ತ ತಾವೇ ಹಾಗಾದವರು ಎಂದು ಮೂರು ಬಗೆಯವರನ್ನು ಹೆಸರಿಸುತ್ತಾನೆ, ಯಾರನ್ನೂ ಖಂಡಿಸುವುದಿಲ್ಲ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿಯೊಬ್ಬ, ಅಂದರೆ ನಪುಂಸಕನಾದ ಅರಮನೆಯ ಅಧಿಕಾರಿ, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನೇ ಓದುತ್ತಿರುತ್ತಾನೆ. ಓದುತ್ತಿರುವ ಭಾಗ ಈಗಿನ ಎಣಿಕೆಯಲ್ಲಿ 53ನೆಯ ಅಧ್ಯಾಯ; ಇನ್ನು ಮೂರು ಅಧ್ಯಾಯ ಮುಂದಕ್ಕೆ ಹೋದರೆ ತನ್ನಂಥವರಿಗೆ ಕೊಟ್ಟ ಮಾತು ಅವನಿಗೆ ಸಿಗಲಿದೆ. ಈ ನಾಲ್ಕು ಭಾಗಗಳನ್ನು ಒಂದೇ ಪ್ರಸಂಗದಲ್ಲಿ ಜೋಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ನೀರನ್ನು ಕಂಡು ಆ ಕಂಚುಕಿ, ತನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನೆಂದು ಕೇಳುತ್ತಾನೆ. ಇಲ್ಲಿ ಭಾಷಾಂತರಗಳನ್ನು ಒಂದರ ಕೆಳಗೊಂದು ಇಡುವ ತಾಣದ ಪಟ್ಟಿ ತನ್ನ ಉಪಯೋಗವನ್ನು ತೋರಿಸುತ್ತದೆ. ಮುಂದಿನ 37ನೆಯ ವಚನದಲ್ಲಿ, ಪೂರ್ಣಹೃದಯದಿಂದ ನಂಬಿದರೆ ಆಗಬಹುದು ಎಂದು, ಅವನಿಗೆ ಸುವಾರ್ತೆ ಹೇಳಿದ ಫಿಲಿಪ್ಪನು ಷರತ್ತು ಹಾಕುತ್ತಾನೆ. ಆದರೆ ಆ ವಚನ ಕಿಂಗ್ ಜೇಮ್ಸ್ ಭಾಷಾಂತರದಲ್ಲಿದೆ, ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ಆದ್ದರಿಂದ ಇತ್ತೀಚಿನ ಭಾಷಾಂತರಗಳಲ್ಲಿ ಹೆಚ್ಚಿನವು ಅದನ್ನು ಬಿಟ್ಟಿವೆ, ಇಲ್ಲವೆ ಕಂಸದೊಳಗಿಟ್ಟಿವೆ. ಹಳೆಯ ಪಾಠದಲ್ಲಿ ಕಂಚುಕಿಯ ಪ್ರಶ್ನೆಗೆ ಉತ್ತರವೇ ಇಲ್ಲ: ಅವನು ಕೇಳಿದ, ರಥ ನಿಂತಿತು, ಇಬ್ಬರೂ ನೀರಿಗಿಳಿದರು. ಅಂದಿನ ನಪುಂಸಕರೂ ಇಂದಿನ ಲಿಂಗತ್ವ ಅಲ್ಪಸಂಖ್ಯಾತರೂ ಒಂದೇ ಎಂದು ಇದರಿಂದ ವಾದಿಸಲಾಗದು, ಆ ಆತುರ ನನಗಿಲ್ಲ. ಆದರೂ ದೇಹದ ಕಾರಣಕ್ಕೆ ಹೊರಗುಳಿದವರನ್ನು ಸಭೆ ಒಳಗೆ ಕರೆದುಕೊಂಡ ದಾರಿ ಧರ್ಮಗ್ರಂಥದೊಳಗೇ ಇದೆಯೆಂಬುದು ಸಣ್ಣ ಸಂಗತಿಯಲ್ಲ.

ಇನ್ನು ಕೊರತೆಗಳು. ಒಂದು ವಚನಕ್ಕೊಂದು ಪುಟ ಎಂಬ ಏರ್ಪಾಡು ಈ ವಿಷಯದಲ್ಲಿ ನೇರವಾಗಿ ತೊಡಕಾಗುತ್ತದೆ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆ ಬಂದದ್ದು 1551ರಲ್ಲಿ. ಪೌಲನು ಬರೆದದ್ದು ಪತ್ರಗಳನ್ನು. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಸಲಿಂಗ ಸಂಬಂಧವನ್ನು ಖಂಡಿಸುವ 1:26-27ನ್ನು ತೆರೆದು ಓದಿ ಮುಗಿಸಿದವನು, ಅಲ್ಲಿಂದ ಪಾಪಗಳ ಪಟ್ಟಿ ಹೊಟ್ಟೆಕಿಚ್ಚು, ಚಾಡಿ, ಹೆತ್ತವರಿಗೆ ಅವಿಧೇಯತೆ ಎಂದು ಬೆಳೆಯುತ್ತಾ ಹೋಗಿ, 2:1ರಲ್ಲಿ ತೀರ್ಪು ಕೊಡುವವನ ಮೇಲೆಯೇ ತಿರುಗಿ ಬೀಳುವುದನ್ನು ಕಾಣದೆ ಹೊರಡುತ್ತಾನೆ. ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆನ್ನುವ 1 ಕೊರಿಂಥ 14:34ರ ಪುಟವೂ ಹಾಗೆಯೇ. ಅದೇ ಪತ್ರಿಕೆಯ 11:5ರಲ್ಲಿ ಹೆಂಗಸರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಪೌಲನು ನಡೆಯುತ್ತಿರುವ ಸಂಗತಿಯೆಂದೇ ಭಾವಿಸಿ, ತಲೆಯ ಮುಸುಕಿನ ಬಗ್ಗೆ ಮಾತ್ರ ಮಾತಾಡುತ್ತಾನೆ. ಪೂರ್ಣ ಅಧ್ಯಾಯವನ್ನು ತೋರಿಸುವ ಪುಟಗಳೂ ತಾಣದಲ್ಲಿವೆ. ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ವ್ಯಾಖ್ಯಾನಗಳ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ಅವುಗಳಲ್ಲಿ ಬಹುಪಾಲು ಕೃತಿಸ್ವಾಮ್ಯದ ಅವಧಿ ಮುಗಿದ ಬರಹಗಳು. ಅವುಗಳನ್ನು ಬರೆದವರಲ್ಲಿ ಮ್ಯಾಥ್ಯೂ ಹೆನ್ರಿ ತೀರಿಕೊಂಡದ್ದು 1714ರಲ್ಲಿ, ಜಾನ್ ಗಿಲ್ 1771ರಲ್ಲಿ, ಆಲ್ಬರ್ಟ್ ಬಾರ್ನ್ಸ್ 1870ರಲ್ಲಿ. ಇವರ ಪಾಂಡಿತ್ಯ ದೊಡ್ಡದು, ಭಕ್ತಿಯೂ ನಿಜವಾದದ್ದು, ಆದರೆ ಹೆಣ್ಣಿನ ಅಧೀನತೆ ಅವರಿಗೆ ಚರ್ಚೆಯ ವಿಷಯವೇ ಆಗಿರಲಿಲ್ಲ. ಅದು ಅವರು ಕಾಲೂರಿ ನಿಂತ ನೆಲವಾಗಿತ್ತು. 1970ರ ದಶಕದಿಂದ ಫಿಲಿಸ್ ಟ್ರಿಬಲ್ ಮೊದಲಾದವರು ಬೆಳೆಸಿದ ಸ್ತ್ರೀವಾದಿ ಓದು, ಸಲಿಂಗ ಪ್ರೇಮದ ಕುರಿತು ಜಾನ್ ಬಾಸ್ವೆಲ್ ಎತ್ತಿದ ಚರ್ಚೆ, ಸಾಂಪ್ರದಾಯಿಕ ನಿಲುವಿನ ಪರವಾಗಿ ರಾಬರ್ಟ್ ಗ್ಯಾಗ್ನನ್ ಮಂಡಿಸಿದ ವಿವರವಾದ ವಾದ, ಇವು ಯಾವುವೂ ಆ ಹಳೆಯ ವ್ಯಾಖ್ಯಾನಕಾರರ ಕಾಲದವಲ್ಲ. ಸಾಲಾಗಿ ಐದಾರು ಪಂಡಿತರು ಒಂದೇ ಮಾತು ಹೇಳುವುದನ್ನು ಓದಿದವನಿಗೆ, ಇಡೀ ಕ್ರೈಸ್ತಲೋಕವೇ ಒಮ್ಮತದಲ್ಲಿದೆ ಎಂಬ ಭ್ರಮೆ ಹುಟ್ಟುವುದು ಸಹಜ. ವಾಸ್ತವದಲ್ಲಿ ಆ ಒಮ್ಮತ ಒಂದು ಕಾಲದ್ದು, ಅದು ಒಂದೇ ಜಾಗದಲ್ಲಿ ರಾಶಿ ಬಿದ್ದಿರುವುದಕ್ಕೆ ಕೃತಿಸ್ವಾಮ್ಯದ ಕಾನೂನೂ ಒಂದು ಕಾರಣ. ಸಂಪ್ರದಾಯದ ಪರವಾಗಿರುವವರಿಗೂ ಇಲ್ಲಿ ನ್ಯಾಯ ಸಿಗುವುದಿಲ್ಲ, ಏಕೆಂದರೆ ಅವರ ಇಂದಿನ ಗಟ್ಟಿಯಾದ ವಾದಗಳೂ ಈ ರಾಶಿಯಲ್ಲಿಲ್ಲ.

ಪದಕೋಶದ ಸೌಲಭ್ಯವೂ ಇದೆ. ಅದು 1890ರ ಸ್ಟ್ರಾಂಗ್ ಸಂಖ್ಯೆಗಳನ್ನು, ಅಂದರೆ ಬೈಬಲಿನ ಮೂಲ ಹೀಬ್ರೂ, ಗ್ರೀಕ್ ಪದಗಳಿಗೆ ಕೊಟ್ಟ ಕ್ರಮಸಂಖ್ಯೆಗಳನ್ನು, ಆಧರಿಸಿದ್ದು. ಹುಡುಕುವುದಕ್ಕೆ ಅನುಕೂಲ, ಗ್ರೀಕ್ ಕಲಿತೆನೆಂಬ ಹೆಮ್ಮೆಗೆ ಸಾಲದು. ಜಾಹೀರಾತುಗಳು ಉಚಿತ ಸೇವೆಯ ಬೆಲೆ, ಸಹಿಸಿಕೊಳ್ಳಬಹುದು. ಮುಖ್ಯ ಸಾಮಗ್ರಿಯೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು.

ಒಟ್ಟಿನಲ್ಲಿ ವಾಕ್ಯಗಳನ್ನು ತಾನೇ ಹುಡುಕಿ ಜೋಡಿಸಿ ನೋಡುವ ತಾಳ್ಮೆಯಿರುವವರಿಗೆ ನಾನು ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸಿದ್ಧ ಉತ್ತರ ಬೇಕಾದವರಿಗೆ ಮಾಡುವುದಿಲ್ಲ. ಜೊತೆಗೆ ಅಡಿಟಿಪ್ಪಣಿಗಳಿರುವ ಇತ್ತೀಚಿನ ಅಧ್ಯಯನ ಬೈಬಲ್ ಒಂದನ್ನು ಗ್ರಂಥಾಲಯದಿಂದಾದರೂ ತಂದುಕೊಳ್ಳಿ. 1 ಕೊರಿಂಥ 14ರ ಆ ಮೌನದ ವಚನಗಳು ಕೆಲವು ಹಸ್ತಪ್ರತಿಗಳಲ್ಲಿ 40ನೆಯ ವಚನದ ನಂತರ ಬರುತ್ತವೆ, ಅದೇ ಕಾರಣಕ್ಕೆ ಅವು ಪೌಲನವೇ ಅಲ್ಲವೆಂದು ಕೆಲವು ವಿದ್ವಾಂಸರು ಶಂಕಿಸುತ್ತಾರೆ ಎಂಬಂಥ ವಿಷಯಗಳಿಗೆ 18ನೆಯ ಶತಮಾನದ ವ್ಯಾಖ್ಯಾನಕ್ಕಿಂತ ಅಂಥ ಅಡಿಟಿಪ್ಪಣಿಯೇ ಹೆಚ್ಚು ಭರವಸೆಯ ಆಧಾರ.